ಕೋರಿಕೆ ಎಲ್ಲಿ ನಿಂತಿತು? ಮೊದಲ ವೆಬ್ ಸರ್ವರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಅಣ್ಣ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್ ಒಂದು ಮನೆಯಲ್ಲಿದೆ. 4 ಜಿಬಿ ಮೆಮೊರಿಯ ಆ ಯಂತ್ರದಲ್ಲಿ ವಿಂಡೋಸ್ ತೆರೆದುಕೊಳ್ಳುವುದಕ್ಕೇ ಐದಾರು ನಿಮಿಷ ಬೇಕು. ಅದರಲ್ಲಿ ವೆಬ್ ಸರ್ವರ್ ಹಾಕಿ ಕಲಿಯಬೇಕೆಂಬ ಆಸೆ. ಸರ್ವರ್ ಎಂದರೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕು ಎಂದು ಕೆಲವರು, ಮೊದಲೇ ಕ್ಲೌಡ್ ಬಾಡಿಗೆಗೆ ಹಿಡಿ ಎಂದು ಕೆಲವರು ಹೇಳುತ್ತಾರೆ. ನಾನು ಎಲ್ಲಿಂದ ಆರಂಭಿಸಬೇಕು?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಕೈಲಿರುವ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಸರ್ವರ್ ಎನ್ನುವುದು ಮೊದಲಿಗೆ ಒಂದು ಕೆಲಸದ ಹೆಸರು, ಯಂತ್ರದ ಹೆಸರಾದದ್ದು ಆಮೇಲೆ. ಬ್ರೌಸರ್ ‘ಇಂಥ ಪುಟ ಕೊಡಿ’ ಎಂದು ಕೋರಿಕೆ ಕಳುಹಿಸುತ್ತದೆ. ಅಂಥ ಕೋರಿಕೆಗಳಿಗಾಗಿ ಕಾದು ಕುಳಿತ ತಂತ್ರಾಂಶವೊಂದು, ಕೇಳಿದ ಫೈಲನ್ನು ಫೋಲ್ಡರಿನಿಂದ ತೆಗೆದು ಮರಳಿ ಕಳುಹಿಸುತ್ತದೆ. ಹೀಗೆ ಕಾದು ಕುಳಿತ ತಂತ್ರಾಂಶವೇ ವೆಬ್ ಸರ್ವರ್. ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಜಗತ್ತಿನ ಮೊದಲ ವೆಬ್ ಸರ್ವರನ್ನು ನಡೆಸಿದ್ದು ತಾವು ದಿನವೂ ಕೆಲಸ ಮಾಡುತ್ತಿದ್ದ ನೆಕ್ಸ್ಟ್ ಕಂಪ್ಯೂಟರಿನಲ್ಲಿಯೇ. ‘ಈ ಯಂತ್ರ ಸರ್ವರ್ ಆಗಿದೆ, ಇದನ್ನು ಆರಿಸಬೇಡಿ’ ಎಂದು ಕೆಂಪು ಶಾಯಿಯಲ್ಲಿ ಕೈಯಿಂದ ಬರೆದ ಚೀಟಿಯೊಂದನ್ನು ಅದರ ಮೇಲೆ ಅಂಟಿಸಿದ್ದರು. ಮೇಜಿನ ಮೇಲಿನ ಕಂಪ್ಯೂಟರನ್ನು ಸರ್ವರ್ ಮಾಡಿದ್ದು ಅದು ಸದಾ ಎಚ್ಚರವಿದ್ದು ಕೋರಿಕೆಗೆ ಓಗೊಡುತ್ತಿತ್ತು ಎಂಬುದಷ್ಟೇ.

ಲ್ಯಾಪ್‌ಟಾಪಿನ ಡಿಸ್ಕಿಗೆ ಕೈಹಾಕುವ ಮೊದಲು ಅರ್ಧ ಗಂಟೆಯ ಒಂದು ಅಭ್ಯಾಸವನ್ನು ಮಾಡಿರಿ. ಪೈಥಾನ್ ಇರುವ ಯಾವುದೇ ಕಂಪ್ಯೂಟರಿನಲ್ಲಿ ಒಂದು ಹೊಸ ಫೋಲ್ಡರ್ ತೆರೆದು, ಅದರಲ್ಲಿ ‘ಇಂಡೆಕ್ಸ್.ಎಚ್‌ಟಿಎಂಎಲ್’ ಎಂಬ ಫೈಲಿನಲ್ಲಿ ನಿಮ್ಮೂರಿನ ಬಗ್ಗೆ ಎರಡು ಸಾಲು ಬರೆಯಿರಿ. ಅದೇ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000’ ಎಂಬ ಆದೇಶವನ್ನು ಕೊಡಿರಿ. ಆದೇಶಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಅಚ್ಚು ಮಾಡಲಾಗಿದೆ; ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಬೇಕು. ಬ್ರೌಸರಿನಲ್ಲಿ 127.0.0.1:8000 ಎಂದು ಬರೆದರೆ ನಿಮ್ಮ ಎರಡು ಸಾಲು ಕಾಣುತ್ತವೆ. 127.0.0.1 ಎಂಬುದು ಪ್ರತಿಯೊಂದು ಕಂಪ್ಯೂಟರೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. 8000 ಎಂಬುದು ಪೋರ್ಟ್, ಅಂದರೆ ಆ ಯಂತ್ರದೊಳಗೆ ಯಾವ ತಂತ್ರಾಂಶವನ್ನು ಹುಡುಕಿಕೊಂಡು ಬಂದಿದ್ದೇವೆ ಎಂಬುದರ ಗುರುತು. ವೆಬ್ಬಿನ ರೂಢಿಯ ಪೋರ್ಟ್ 80 ಆದರೂ, ಲಿನಕ್ಸಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ಬಳಸಲು ಸಾಮಾನ್ಯವಾಗಿ ಆಡಳಿತಗಾರನ ಅಧಿಕಾರ ಬೇಕಾದ್ದರಿಂದ ಅಭ್ಯಾಸಕ್ಕೆ 8000 ಅನುಕೂಲ.

ಈಗ ಬ್ರೌಸರನ್ನು ಬಿಟ್ಟು ಟರ್ಮಿನಲ್ಲಿನತ್ತ ನೋಡಿರಿ. ನೀವು ಪುಟ ತೆರೆದಾಗಲೆಲ್ಲ ಅಲ್ಲಿ ಹೊಸ ಸಾಲೊಂದು ಮೂಡುತ್ತದೆ. ಕೇಳಿದವರ ವಿಳಾಸ, ಹೊತ್ತು, ಕೇಳಿದ ಫೈಲು, ಕೊನೆಗೆ 200 ಎಂಬ ಸಂಖ್ಯೆ. 200 ಎಂದರೆ ಕೇಳಿದ್ದನ್ನು ಕೊಟ್ಟಾಯಿತು ಎಂದರ್ಥ. ಅದರ ಕೆಳಗೆ ನೀವು ಕೇಳದೆಯೇ ಇನ್ನೊಂದು ಸಾಲು ಬಂದಿರುವ ಸಾಧ್ಯತೆ ಹೆಚ್ಚು: ‘ಫೆವಿಕಾನ್.ಐಕೊ’ ಎಂಬ ಫೈಲು, 404. ಟ್ಯಾಬಿನ ಮೂಲೆಯಲ್ಲಿ ತೋರಿಸುವ ಪುಟ್ಟ ಚಿತ್ರಕ್ಕಾಗಿ ಬ್ರೌಸರ್ ತಾನಾಗಿಯೇ ಕೇಳಿತು, ನಿಮ್ಮ ಫೋಲ್ಡರಿನಲ್ಲಿ ಅದು ಇರಲಿಲ್ಲ, ಸರ್ವರ್ ಇಲ್ಲವೆಂದಿತು. ಮುಂದೆ ನೀವು ಎಷ್ಟೇ ದೊಡ್ಡ ಸರ್ವರ್ ನಡೆಸಿದರೂ ಕೆಟ್ಟದ್ದನ್ನು ಸರಿಪಡಿಸುವ ಬಗೆ ಇದೇ. ಕೋರಿಕೆ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎಂದು ದಾಖಲೆಯ ಸಾಲಿನಲ್ಲಿ ಹುಡುಕಬೇಕು. ಸಾಲೇ ಮೂಡದಿದ್ದರೆ ಕೋರಿಕೆ ಸರ್ವರಿನವರೆಗೆ ಬಂದೇ ಇಲ್ಲ, ತೊಂದರೆ ದಾರಿಯಲ್ಲಿದೆ. ಸಾಲು ಮೂಡಿ 404 ಎಂದಿದ್ದರೆ ದಾರಿ ಸರಿಯಿದೆ, ಫೈಲಿನ ಹೆಸರೋ ಜಾಗವೋ ತಪ್ಪಿದೆ. ಇದೊಂದು ಅಭ್ಯಾಸ ಕೈಗೂಡಿದರೆ ಉಳಿದದ್ದನ್ನು ನೀವು ನೀವಾಗಿಯೇ ಕಲಿಯಬಲ್ಲಿರಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇದಾದ ಮೇಲೆ ಹಳೆಯ ಲ್ಯಾಪ್‌ಟಾಪಿನ ಕೆಲಸ. ಅದರಲ್ಲಿರುವ ಮದುವೆ, ಜಾತ್ರೆಗಳ ಫೋಟೋಗಳನ್ನೂ ಅಣ್ಣನ ಕಡತಗಳನ್ನೂ ಮೊದಲು ಬೇರೆಡೆಗೆ ನಕಲಿಸಿಕೊಳ್ಳಿರಿ, ಏಕೆಂದರೆ ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. 8 ಜಿಬಿಯ ಪೆನ್‌ಡ್ರೈವಿಗೆ ಉಬುಂಟು ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯ ಸರ್ವರ್ ಆವೃತ್ತಿಯನ್ನು ಬರೆದುಕೊಂಡು, ಅದರಿಂದ ಲ್ಯಾಪ್‌ಟಾಪನ್ನು ಆರಂಭಿಸಿ ಸ್ಥಾಪಿಸಿರಿ. ಎಲ್‌ಟಿಎಸ್ ಎಂದು ಗುರುತಿಸಿದ ಆವೃತ್ತಿಯನ್ನೇ ಆರಿಸಬೇಕು. ಅದಕ್ಕೆ ಐದು ವರ್ಷಗಳವರೆಗೆ ಸುರಕ್ಷತಾ ಪರಿಷ್ಕರಣೆಗಳು ದೊರೆಯುತ್ತವೆ. ಸಾಧ್ಯವಿದ್ದರೆ ವೈಫೈ ಬದಲು ಲ್ಯಾನ್ ಕೇಬಲಿನಿಂದ ರೌಟರಿಗೆ ಜೋಡಿಸಿರಿ. ನಂತರ ‘ಸುಡೊ ಆಪ್ಟ್ ಅಪ್‌ಡೇಟ್’, ‘ಸುಡೊ ಆಪ್ಟ್ ಇನ್‌ಸ್ಟಾಲ್ ಎಂಜಿನ್ಎಕ್ಸ್’ ಎಂಬ ಎರಡು ಆದೇಶಗಳನ್ನು ಕೊಟ್ಟರೆ ಎಂಜಿನ್ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಸ್ಥಾಪನೆಯಾಗಿ, ತಾನಾಗಿ ಓಡಲು ತೊಡಗುತ್ತದೆ. ತಂತ್ರಾಂಶಗಳನ್ನು ತಂದು ಸ್ಥಾಪಿಸುವ ಆಪ್ಟಿನಲ್ಲಿ ಈ ಹೆಸರಿನ ಕಾಗುಣಿತ ಎನ್, ಜಿ, ಐ, ಎನ್, ಎಕ್ಸ್ ಎಂಬ ಐದೇ ಅಕ್ಷರ. ‘ಐಪಿ ಎ’ ಎಂಬ ಆದೇಶ ಯಂತ್ರದ ಮನೆಯೊಳಗಿನ ವಿಳಾಸವನ್ನು ತೋರಿಸುತ್ತದೆ, ಅದು 192.168 ಎಂದು ಆರಂಭವಾಗಿರುವುದೇ ಹೆಚ್ಚು. ಅದೇ ವೈಫೈಗೆ ಸೇರಿದ ಮೊಬೈಲಿನಲ್ಲಿ ಆ ವಿಳಾಸವನ್ನು ತೆರೆದಾಗ ಎಂಜಿನ್ಎಕ್ಸ್‌ನ ಸ್ವಾಗತದ ಪುಟ ಕಾಣಬೇಕು. ನಿಮ್ಮ ಫೈಲುಗಳಿಗೆ ಜಾಗ /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಎಚ್‌ಟಿಎಂಎಲ್ ಎಂಬ ಫೋಲ್ಡರ್.

ಎಂಜಿನ್ಎಕ್ಸ್ ಬದಲು ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್ ಆಗದೇ ಎಂದು ನೀವು ಕೇಳಬಹುದು. ಆಗುತ್ತದೆ. ಅಪಾಚೆ 1995ರಿಂದ ಬಳಕೆಯಲ್ಲಿದೆ, ಕಲಿಸುವವರೂ ಬಹಳ ಜನ ಸಿಗುತ್ತಾರೆ. ಏಕಕಾಲಕ್ಕೆ ಹತ್ತು ಸಾವಿರ ಸಂಪರ್ಕಗಳನ್ನು ಒಂದೇ ಯಂತ್ರ ನಿಭಾಯಿಸಬೇಕು ಎಂಬ ಉದ್ದೇಶದಿಂದ ರಷ್ಯಾದ ಇಗೊರ್ ಸಿಸೊಯೆವ್ ಅವರು ಎಂಜಿನ್ಎಕ್ಸ್ ಬರೆದು 2004ರಲ್ಲಿ ಬಿಡುಗಡೆ ಮಾಡಿದರು. ನಿಮಗೆ ಹತ್ತು ಸಾವಿರ ಜನರ ಚಿಂತೆ ಸದ್ಯಕ್ಕಿಲ್ಲ. ಅದರ ಸೆಟ್ಟಿಂಗ್ ಫೈಲನ್ನು ಓದಿ ಅರ್ಥ ಮಾಡಿಕೊಳ್ಳುವುದು ಸುಲಭ ಎಂಬ ಕಾರಣಕ್ಕೆ ಅದನ್ನು ಸೂಚಿಸಿದ್ದೇನೆ. ಆ ಫೈಲನ್ನು ತಿದ್ದಿದಾಗಲೆಲ್ಲ ಮೊದಲು ‘ಸುಡೊ ಎಂಜಿನ್ಎಕ್ಸ್ -ಟಿ’ ಎಂದು ಪರೀಕ್ಷಿಸಿ, ತಪ್ಪಿಲ್ಲವೆಂಬ ಉತ್ತರ ಬಂದ ಮೇಲೆಯೇ ‘ಸುಡೊ ಸಿಸ್ಟಮ್‌ಸಿಟಿಎಲ್ ರೀಲೋಡ್ ಎಂಜಿನ್ಎಕ್ಸ್’ ಕೊಡಿರಿ. ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋದರೂ ಈ ಪರೀಕ್ಷೆ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಎಲ್ಲವನ್ನೂ ಒಂದೇ ಏಟಿಗೆ ಸ್ಥಾಪಿಸಿಕೊಡುವ ಸ್ಕ್ರಿಪ್ಟುಗಳನ್ನೂ ಕಂಟ್ರೋಲ್ ಪ್ಯಾನೆಲ್‌ಗಳನ್ನೂ ಮೊದಲ ಆರು ತಿಂಗಳು ದೂರವಿಡಿರಿ ಎಂಬುದು ನನ್ನ ಕಳಕಳಿಯ ಸಲಹೆ. ಅವು ಕೆಟ್ಟವೆಂದಲ್ಲ, ಅವು ಮಾಡಿದ್ದು ಕೆಟ್ಟಾಗ ಎಲ್ಲಿ ಕೈಹಾಕಬೇಕೆಂದು ಹೊಸಬರಿಗೆ ತಿಳಿಯುವುದಿಲ್ಲ.

ಲ್ಯಾಪ್‌ಟಾಪನ್ನು ಸರ್ವರ್ ಮಾಡುವವರು ಇನ್ನೊಂದು ಮಾತನ್ನು ನೆನಪಿಡಬೇಕು. ನನ್ನ ಮೊದಲ ಸರ್ವರ್ ಕೂಡ ಹಳೆಯ ಲ್ಯಾಪ್‌ಟಾಪೇ. ಒಂದು ದಿನ ಮಧ್ಯಾಹ್ನ ಪುಟ ತೆರೆಯುವುದು ನಿಂತುಹೋಯಿತು. ಸೆಟ್ಟಿಂಗ್ ಫೈಲಿನ ಒಂದೊಂದೇ ಸಾಲನ್ನು ಇನ್ನೊಂದು ಕಂಪ್ಯೂಟರಿನಲ್ಲಿದ್ದ ನಕಲಿನಲ್ಲಿ ತಿರುತಿರುಗಿ ಓದಿ ಸಂಜೆಯವರೆಗೆ ಹುಡುಕಿದೆ. ಕೊನೆಗೆ ಒಳಕೋಣೆಗೆ ಹೋಗಿ ನೋಡಿದರೆ, ಮೇಜಿನ ಧೂಳು ಒರೆಸಿದ ಮನೆಯವರು ಲ್ಯಾಪ್‌ಟಾಪನ್ನು ಒಪ್ಪವಾಗಿ ಮುಚ್ಚಿಟ್ಟಿದ್ದರು. ಮುಚ್ಚಳ ಮುಚ್ಚಿದೊಡನೆ ಯಂತ್ರ ನಿದ್ದೆಗೆ ಜಾರಿತ್ತು. /ಈಟಿಸಿ/ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್ ಎಂಬ ಫೈಲಿನಲ್ಲಿ ‘ಹ್ಯಾಂಡಲ್ ಲಿಡ್ ಸ್ವಿಚ್’ ಎಂಬ ಸಾಲಿದೆ. ಅದರ ಆರಂಭದ ಹ್ಯಾಶ್ ಚಿಹ್ನೆಯನ್ನು ತೆಗೆದು, ಸಮ ಚಿಹ್ನೆಯ ನಂತರದ ಪದವನ್ನು ‘ಇಗ್ನೋರ್’ ಎಂದು ಬದಲಿಸಿ, ಯಂತ್ರವನ್ನು ಒಮ್ಮೆ ಮರು ಆರಂಭಿಸಿದರೆ ಮುಚ್ಚಳ ಮುಚ್ಚಿದರೂ ಸರ್ವರ್ ಎಚ್ಚರವಾಗಿರುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಚಿತ್ರದುರ್ಗದ ಕೋಟೆಯ ಹೊಂಡಗಳು, ಬತೇರಿಗಳು, ಬಾಗಿಲುಗಳ ಬಗ್ಗೆ ಮೂವತ್ತು ವರ್ಷಗಳಿಂದ ಮಾಡಿಕೊಂಡ ಟಿಪ್ಪಣಿಗಳನ್ನು ಪುಟಗಳನ್ನಾಗಿ ಮಾಡಿ, ಮನೆಯ ಕಂಪ್ಯೂಟರಿನಲ್ಲಿ ಎಂಜಿನ್ಎಕ್ಸ್ ಹಾಕಿ ಇರಿಸಿದ್ದೇನೆ. ನಮ್ಮ ಮನೆಯ ಮೊಬೈಲುಗಳಲ್ಲೆಲ್ಲ 192.168.1.10 ಎಂದು ಬರೆದರೆ ಚೆನ್ನಾಗಿ ತೆರೆಯುತ್ತದೆ. ಬೆಂಗಳೂರಿನಲ್ಲಿರುವ ಮಗನಿಗೆ ಅದೇ ವಿಳಾಸ ಕೊಟ್ಟರೆ ತೆರೆಯುತ್ತಿಲ್ಲ. ನನ್ನಿಂದ ಏನು ತಪ್ಪಾಗಿದೆ?
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಮೇಷ್ಟರೇ, ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ದೊಡ್ಡ ಕಚೇರಿಗಳಲ್ಲಿದ್ದ ಇಂಟರ್‌ಕಾಮನ್ನು ನೆನಪಿಸಿಕೊಳ್ಳಿರಿ. ಕಚೇರಿಯೊಳಗೆ 21 ಒತ್ತಿದರೆ ಗುಮಾಸ್ತರ ಮೇಜಿನ ಫೋನ್ ಬಾರಿಸುತ್ತಿತ್ತು. ಬೆಂಗಳೂರಿನಿಂದ 21 ಒತ್ತಿದರೆ ಬಾರಿಸುತ್ತಿರಲಿಲ್ಲ. ಹೊರಗಿನವರು 08194 ಸೇರಿಸಿ ಕಚೇರಿಯ ಸಂಖ್ಯೆಗೆ ಕರೆ ಮಾಡಬೇಕಿತ್ತು, ಅಲ್ಲಿದ್ದ ಆಪರೇಟರ್ ಅದನ್ನು 21ಕ್ಕೆ ಜೋಡಿಸಬೇಕಿತ್ತು. 192.168 ಎಂದು ಆರಂಭವಾಗುವ ವಿಳಾಸಗಳು ಇಂಟರ್‌ಕಾಮ್ ಸಂಖ್ಯೆಗಳಿದ್ದಂತೆ. 10ರಿಂದ ಆರಂಭವಾಗುವವು ಮತ್ತು 172.16ರಿಂದ 172.31ರವರೆಗಿನವೂ ಅದೇ ಜಾತಿಯವು. ನಿಮ್ಮ ಮನೆಯಲ್ಲಿರುವ 192.168.1.10 ನೆರೆಮನೆಯಲ್ಲೂ, ನಿಮ್ಮ ಮಗನ ಮನೆಯಲ್ಲೂ ಇರಬಹುದು. ಮಗ ಅದನ್ನು ತೆರೆಯಲು ಹೋದಾಗ ಅವರ ಬ್ರೌಸರ್ ಅವರ ಮನೆಯೊಳಗೇ ಹುಡುಕಿ ಸೋತಿತು.

ನಿಮ್ಮ ಮನೆಯ ಆಪರೇಟರ್ ಎಂದರೆ ರೌಟರ್. ಹೊರಗಿನಿಂದ 80ನೆಯ ಪೋರ್ಟಿಗೆ ಬಂದದ್ದನ್ನು 192.168.1.10ಕ್ಕೆ ಜೋಡಿಸು ಎಂದು ಅದಕ್ಕೆ ಹೇಳಿಕೊಡುವುದನ್ನು ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಆದರೆ ಅದಕ್ಕೆ ಕೈಹಾಕುವ ಮೊದಲು ಇನ್ನೊಂದನ್ನು ಪರೀಕ್ಷಿಸಬೇಕು. ಇದನ್ನು ಪರೀಕ್ಷಿಸದೆ ವಾರಗಟ್ಟಲೆ ರೌಟರಿನೊಡನೆ ಗುದ್ದಾಡಿದವರ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ. ರೌಟರಿನ ಪುಟವನ್ನು ತೆರೆದು ವ್ಯಾನ್ ಐಪಿ ಎಂದು ತೋರಿಸುವ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಬಳಿಕ ‘ನನ್ನ ಐಪಿ ಯಾವುದು’ ಎಂದು ತಿಳಿಸುವ ಯಾವುದಾದರೂ ತಾಣವನ್ನು ತೆರೆದು, ಅಲ್ಲಿನ ವಿಳಾಸವನ್ನು ಅದರ ಕೆಳಗೆ ಬರೆಯಿರಿ. ಎರಡೂ ಒಂದೇ ಆಗಿದ್ದರೆ ನಿಮಗೆ ಹೊರಗಿನವರಿಗೂ ಸಿಗುವ ವಿಳಾಸವಿದೆ, ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುತ್ತದೆ. ಬೇರೆ ಬೇರೆಯಾಗಿದ್ದು, ರೌಟರಿನದು 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಹಲವು ಮನೆಗಳನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸಿದೆ ಎಂದರ್ಥ. ಸಿಜಿನ್ಯಾಟ್ ಎಂದು ಇದರ ಹೆಸರು. ಆಗ ನಿಮ್ಮ ಆಪರೇಟರಿನ ಮೇಲೆ ಇನ್ನೊಬ್ಬ ಆಪರೇಟರ್ ಇದ್ದಾನೆ, ಅವನಿಗೆ ಹೇಳಿಕೊಡುವ ಅಧಿಕಾರ ನಿಮಗಿಲ್ಲ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಇರುವುದೇ ಸುಮಾರು 430 ಕೋಟಿ. ಮೊಬೈಲು, ರೌಟರು, ಟಿವಿಗಳೆಲ್ಲ ಸೇರಿ ಅವು ಸಾಲದಾದವು. ಆದ್ದರಿಂದಲೇ ಈ ಹಂಚಿಕೆ ನಡೆದಿದೆ.

ಇಂಥ ಸಂದರ್ಭದಲ್ಲಿ ಮೂರು ದಾರಿಗಳಿವೆ. ಕಂಪನಿಯನ್ನು ಸ್ಥಿರ ಐಪಿ ಕೊಡಿರೆಂದು ಕೇಳಬಹುದು. ಇದಕ್ಕೆ ಸಾಮಾನ್ಯವಾಗಿ ಹೆಚ್ಚುವರಿ ಶುಲ್ಕವಿರುತ್ತದೆ. ನಿಮ್ಮ ಯಂತ್ರದಿಂದಲೇ ಹೊರಗಿನ ಸೇವೆಯೊಂದಕ್ಕೆ ಸುರಂಗ ಕೊರೆದಂತೆ ಸಂಪರ್ಕ ಇಟ್ಟುಕೊಂಡು, ಓದುಗರು ಆ ಸೇವೆಯ ಮೂಲಕ ಬರುವಂತೆ ಮಾಡಬಹುದು. ಕ್ಲೌಡ್‌ಫ್ಲೇರ್ ಟನೆಲ್ ಈ ಬಗೆಯದು, ಅದಕ್ಕೆ ನಿಮ್ಮದೇ ಡೊಮೇನ್ ಹೆಸರು, ಅಂದರೆ ಅಂಕಿಗಳ ಬದಲು ಬಳಸುವ ತಾಣದ ಸ್ವಂತ ಹೆಸರು ಬೇಕು. ಇಲ್ಲವೇ ತಿಂಗಳಿಗೆ ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಪುಟ್ಟ ಬಾಡಿಗೆ ಸರ್ವರಿಗೆ ಈ ಪುಟಗಳನ್ನೇ ಸಾಗಿಸಬಹುದು. ನಿಮ್ಮ ಟಿಪ್ಪಣಿಗಳು ಮೂವತ್ತು ವರ್ಷಗಳ ದುಡಿಮೆ. ನಾಳೆ ಯಾರೋ ಸಂಶೋಧನಾ ವಿದ್ಯಾರ್ಥಿ ರಾತ್ರಿ ಹನ್ನೊಂದಕ್ಕೆ ಅಕ್ಕ-ತಂಗಿ ಹೊಂಡದ ಬಗ್ಗೆ ಹುಡುಕಿದರೆ ಅವು ಸಿಗಬೇಕು. ಆದ್ದರಿಂದ ಮನೆಯ ಯಂತ್ರವನ್ನು ಬರೆಯಲು, ತಿದ್ದಲು ಇಟ್ಟುಕೊಂಡು, ಲೋಕಕ್ಕೆ ಕಾಣುವ ಪ್ರತಿಯನ್ನು ಬಾಡಿಗೆ ಸರ್ವರಿನಲ್ಲಿ ಇಡಿರಿ ಎಂದು ನಾನು ಹೇಳುತ್ತೇನೆ. ಆಗ ಒಂದು ಕೆಟ್ಟರೂ ಇನ್ನೊಂದು ಉಳಿದಿರುತ್ತದೆ.

ಪೋರ್ಟ್ ಫಾರ್ವರ್ಡಿಂಗ್ ದಾರಿಯನ್ನೇ ಹಿಡಿದರೆ ಎರಡು ಸಂಗತಿಗಳನ್ನು ಗಮನಿಸಿರಿ. ರೌಟರ್ ಮರು ಆರಂಭವಾದಾಗ ನಿಮ್ಮ ಕಂಪ್ಯೂಟರಿನ ವಿಳಾಸದ ಕೊನೆಯ ಅಂಕಿ 10ರಿಂದ 14ಕ್ಕೆ ಬದಲಾಗಬಹುದಾದ್ದರಿಂದ, ಆ ಯಂತ್ರಕ್ಕೆ ಯಾವಾಗಲೂ ಇದೇ ವಿಳಾಸ ಕೊಡಬೇಕೆಂದು ರೌಟರಿನಲ್ಲಿ ಕಾಯ್ದಿರಿಸಬೇಕು. ಹೊರಗಿನಿಂದ ತೆರೆಯುತ್ತದೆಯೇ ಎಂದು ನೋಡುವಾಗ ಮೊಬೈಲಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಬೇಕು. ಮನೆಯೊಳಗಿನಿಂದಲೇ ಹೊರ ವಿಳಾಸವನ್ನು ಕರೆದರೆ ಎಷ್ಟೋ ರೌಟರುಗಳು ದಾರಿ ಬಿಡುವುದಿಲ್ಲ.

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ವೆಬ್ ಪುಟವಾಗಿ ಮಾಡಿದ್ದೇನೆ. ಸರ್ವರ್ ಸರಿಯಾಗಿ ನಡೆಯುತ್ತಿದೆ, ಆದರೆ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಸರ್ವರನ್ನು ಎರಡು ಸಲ ಮರು ಸ್ಥಾಪಿಸಿದರೂ ಹಾಗೆಯೇ ಇದೆ.
– ಓದುಗರು, ಹಿರಿಯೂರು

ಉತ್ತರ: ಮರು ಸ್ಥಾಪನೆಯನ್ನು ನಿಲ್ಲಿಸಿ, ಆ ಚಿಹ್ನೆಗಳನ್ನು ಹತ್ತಿರದಿಂದ ನೋಡಿರಿ. ಅವುಗಳಲ್ಲೇ ಉತ್ತರವಿದೆ. ಎರಡು ಬೇರೆ ಬೇರೆ ಕಾಯಿಲೆಗಳು ದೂರದಿಂದ ಒಂದೇ ಥರ ಕಾಣುತ್ತವೆ.

ತಲೆಯ ಮೇಲೆ ಓರೆ ಗೆರೆಯುಳ್ಳ ಇಂಗ್ಲಿಷಿನ ಸಣ್ಣ ಎ, ಅದರ ಪಕ್ಕದಲ್ಲಿ ಮೇಲಕ್ಕೆ ಬರೆದ ಪುಟ್ಟ 2 ಅಥವಾ 3, ಅದಾದ ಮೇಲೆ ಇನ್ನೊಂದು ಚಿಹ್ನೆ. ಈ ಮೂರರ ಗುಂಪೇ ಪುಟದುದ್ದಕ್ಕೂ ಮರುಕಳಿಸುತ್ತಿದ್ದರೆ ನಿಮ್ಮ ಪಠ್ಯ ಸರಿಯಾಗಿದೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟುಗಳಾಗಿ ಉಳಿಯುತ್ತದೆ, ಮೊದಲ ಬೈಟು ಎಲ್ಲಕ್ಕೂ ಒಂದೇ. ಇದು ಯುಟಿಎಫ್-8 ಎಂದು ಬ್ರೌಸರಿಗೆ ಯಾರೂ ತಿಳಿಸದಿದ್ದಾಗ, ಅದು ಮೂರು ಬೈಟುಗಳನ್ನು ಮೂರು ಬಿಡಿ ಯುರೋಪಿಯನ್ ಅಕ್ಷರಗಳೆಂದು ಓದುತ್ತದೆ. ಪುಟದ ಹೆಡ್ ಭಾಗದ ಆರಂಭದಲ್ಲಿಯೇ ಮೆಟಾ ಚಾರ್‌ಸೆಟ್ ಸಾಲನ್ನು ಬರೆದು ಯುಟಿಎಫ್-8 ಎಂದು ಸಾರಿದರೆ, ಎಂಜಿನ್ಎಕ್ಸ್‌ನ ಸರ್ವರ್ ವಿಭಾಗದಲ್ಲೂ ಅದೇ ಸೂಚನೆಯನ್ನು ಸೇರಿಸಿದರೆ ಸರಿಹೋಗುತ್ತದೆ.

ಪುಟದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ ಮತ್ತೆ ಮತ್ತೆ ಕಾಣುತ್ತಿದ್ದರೆ ಕಥೆ ಬೇರೆ. ಆ ಪಟ್ಟಿಯನ್ನು ಹಳೆಯ ನುಡಿ ಅಥವಾ ಅದೇ ಮಾದರಿಯ ಫಾಂಟಿನಲ್ಲಿ ಟೈಪ್ ಮಾಡಲಾಗಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ರೂಪ ತೊಡಿಸಲಾಗಿತ್ತು. ‘ಕನ್ನಡ’ ಎಂಬ ಪದದ ‘ನ’ಕಾರದ ಜಾಗದಲ್ಲಿ ನಿಜವಾಗಿ ಕುಳಿತಿದ್ದದ್ದು ಪೌಂಡ್ ಚಿಹ್ನೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡದಂತೆ ಕಾಣುತ್ತದೆ, ಹುಡುಕಿದರೆ ಎಲ್ಲಿಯೂ ಸಿಗುವುದಿಲ್ಲ. ಇದಕ್ಕೆ ಸರ್ವರಿನಲ್ಲಿ ಮದ್ದಿಲ್ಲ. ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ. ಅವುಗಳಿಂದ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಮತ್ತು ಪುಸ್ತಕಗಳ ಬೆಲೆಯ ಅಂಕಿಗಳನ್ನು ಕಣ್ಣಾರೆ ತಾಳೆ ನೋಡಿರಿ. ಊರಿನ ಪುಸ್ತಕಗಳ ಪಟ್ಟಿ ಮುಂದಿನವರ ಹುಡುಕಾಟಕ್ಕೆ ಸಿಗಬೇಕಾದರೆ ಈ ಶ್ರಮವನ್ನು ತಪ್ಪಿಸಿಕೊಳ್ಳುವಂತಿಲ್ಲ, ಒಮ್ಮೆ ಮಾಡಿದರೆ ಎರಡನೆಯ ಸಲ ಮಾಡಬೇಕಾಗಿಯೂ ಇಲ್ಲ.

ಪ್ರಶ್ನೆ: ಹೋಮ್ ಫೋಲ್ಡರಿನಲ್ಲಿ ಫೈಲು ಇದ್ದರೂ 403 ಎಂದು ಬರುತ್ತದೆ. ಎಲ್ಲಕ್ಕೂ 777 ಅನುಮತಿ ಕೊಡು ಎಂದು ಸ್ನೇಹಿತರು ಹೇಳಿದ್ದಾರೆ. ಕೊಡಬಹುದೇ?
– ಓದುಗ, ಹರಿಹರ

ಉತ್ತರ: ದಯವಿಟ್ಟು ಕೊಡಬೇಡಿರಿ. 403 ಎಂದರೆ ಕೇಳಿದ್ದನ್ನು ಕೊಡಲು ಅನುಮತಿಯಿಲ್ಲ ಎಂದರ್ಥ. 777 ಎಂದರೆ ಆ ಯಂತ್ರದಲ್ಲಿ ಓಡುವ ಯಾವ ತಂತ್ರಾಂಶ ಬೇಕಾದರೂ ನಿಮ್ಮ ಫೈಲುಗಳನ್ನು ತಿದ್ದಬಹುದು ಎಂದರ್ಥ. ನೀವು ಪುಟಗಳನ್ನು ನಿಮ್ಮ ಹೋಮ್ ಫೋಲ್ಡರಿನೊಳಗೆ ಇಟ್ಟಿದ್ದೀರಿ ಎಂದು ಪತ್ರದಿಂದ ಗೊತ್ತಾಗುತ್ತದೆ. ಉಬುಂಟು 21.04ರಿಂದ ಈಚೆಗೆ ಹೊಸ ಬಳಕೆದಾರರ ಹೋಮ್ ಫೋಲ್ಡರ್ ಬೇರೆಯವರಿಗೆ ಮುಚ್ಚಿರುತ್ತದೆ. ಎಂಜಿನ್ಎಕ್ಸ್ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುವುದರಿಂದ ಅದಕ್ಕೆ ನಿಮ್ಮ ಹೊಸ್ತಿಲು ದಾಟಲು ಬರುವುದಿಲ್ಲ. ಪುಟಗಳನ್ನು /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು ಒಳಗೆ ಸಾಗಿಸಿ, ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಕೊಟ್ಟರೆ ಸಾಕು. ಆಗ ಬೇರೆಯವರು ಓದಬಹುದು, ತಿದ್ದಲಾರರು.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ನಮ್ಮ ಎಣ್ಣೆ ಮಿಲ್ಲಿನ ದರಪಟ್ಟಿಯ ಪುಟ ನಿಂತುಹೋಗುತ್ತದೆ. ಏನು ಮಾಡಬೇಕು?
– ಲೆಕ್ಕಪತ್ರ ನೋಡಿಕೊಳ್ಳುವವರು, ಚಳ್ಳಕೆರೆ

ಉತ್ತರ: ಮೊದಲು ಯಂತ್ರ ತಾನಾಗಿ ಆರಂಭವಾಗುತ್ತದೆಯೇ ನೋಡಿರಿ. ಹೆಚ್ಚಿನ ಡೆಸ್ಕ್‌ಟಾಪುಗಳ ಬಯೋಸ್‌ನಲ್ಲಿ, ಅಂದರೆ ಯಂತ್ರ ಆರಂಭವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟದಲ್ಲಿ, ಕರೆಂಟ್ ಮರಳಿದಾಗ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಬದಲಿಸಿರಿ. ಎರಡನೆಯದಾಗಿ ‘ಸುಡೊ ಸಿಸ್ಟಮ್‌ಸಿಟಿಎಲ್ ಎನೇಬಲ್ ಎಂಜಿನ್ಎಕ್ಸ್’ ಎಂದು ಒಮ್ಮೆ ಕೊಟ್ಟರೆ ಯಂತ್ರದೊಡನೆ ಸರ್ವರೂ ಏಳುತ್ತದೆ. ಮಿಲ್ಲಿನಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದನ್ನೇ ಸರ್ವರ್ ಮಾಡಿರಿ, ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಆದರೆ ರೌಟರ್ ಆರಿದರೆ ಸರ್ವರ್ ಬದುಕಿದ್ದೂ ಪ್ರಯೋಜನವಿಲ್ಲ. ಸಾಮಾನ್ಯ ರೌಟರಿಗೆ ಬೇಕಾದದ್ದು 12 ವೋಲ್ಟ್. ಅದಕ್ಕೆಂದೇ ಅಂಗೈಯಗಲದ ಪುಟ್ಟ ಯುಪಿಎಸ್‌ಗಳು ಬರುತ್ತವೆ, ಕೊಳ್ಳುವ ಮೊದಲು ನಿಮ್ಮ ರೌಟರಿನ ಅಡಾಪ್ಟರಿನ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಓದಿಕೊಂಡು ಹೋಗಿರಿ. ಮನೆಗೆ ಬರುವ ಫೈಬರ್ ಪೆಟ್ಟಿಗೆ ರೌಟರಿನಿಂದ ಬೇರೆಯಾಗಿದ್ದರೆ ಅದಕ್ಕೂ ಇದೇ ವ್ಯವಸ್ಥೆ ಬೇಕು.

ಪ್ರಶ್ನೆ: ಬಾಡಿಗೆ ಸರ್ವರ್ ತೆಗೆದುಕೊಂಡು ಒಂದು ವಾರವಾಯಿತು, ಅದರ ವಿಳಾಸವನ್ನು ಯಾರಿಗೂ ಕೊಟ್ಟಿಲ್ಲ. ಆದರೂ ದಾಖಲೆ ಫೈಲಿನಲ್ಲಿ ಹಗಲುರಾತ್ರಿ ಅಪರಿಚಿತ ಕೋರಿಕೆಗಳು ಬಂದಿವೆ. ಯಾರೋ ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದು ಭಯವಾಗಿದೆ.
– ಓದುಗ, ಹೊಳಲ್ಕೆರೆ

ಉತ್ತರ: ನಿಮ್ಮೊಬ್ಬರ ಮೇಲೆ ಯಾರೂ ಕಣ್ಣಿಟ್ಟಿಲ್ಲ. ಅಂತರಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುವ ಸ್ವಯಂಚಾಲಿತ ತಂತ್ರಾಂಶಗಳು ಅಸಂಖ್ಯವಾಗಿವೆ. ದಾಖಲೆ ಫೈಲನ್ನು ನೀವಾಗಿಯೇ ತೆರೆದು ಓದಿದ್ದೀರಿ ಎಂಬುದು ನನಗೆ ಬಹಳ ಸಂತೋಷ ತಂದಿತು. ನೀವು ಕಳುಹಿಸಿದಂಥ ಸಾಲೊಂದನ್ನು, ವಿಳಾಸವನ್ನು ಬದಲಿಸಿ, ಬಿಡಿಸಿ ಓದೋಣ. ಮೊದಲಿಗೆ 203.0.113.25, ಇದು ಕೇಳಿದವರ ವಿಳಾಸ. ಬಳಿಕ ಚೌಕ ಆವರಣದಲ್ಲಿ 02:14:07 +0000. ಇದು ನಮ್ಮ ಮಧ್ಯರಾತ್ರಿಯಲ್ಲ. ಬಾಡಿಗೆ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಇರುವುದರಿಂದ ಐದೂವರೆ ಗಂಟೆ ಕೂಡಿಸಿದರೆ ಬೆಳಗಿನ 7:44 ಆಗುತ್ತದೆ. ಮುಂದೆ ‘ಗೆಟ್ /ಡಬ್ಲ್ಯುಪಿ-ಲಾಗಿನ್.ಪಿಎಚ್‌ಪಿ’, ಅಂದರೆ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ಕಟ್ಟಿದ ತಾಣದ ಲಾಗಿನ್ ಪುಟ ಇದೆಯೇ ಎಂಬ ಕೋರಿಕೆ. ಕೊನೆಯಲ್ಲಿ 404, ಅಂದರೆ ನಿಮ್ಮ ಸರ್ವರ್ ಇಲ್ಲವೆಂದು ಹೇಳಿ ಕಳುಹಿಸಿದೆ. ನೀವು ವರ್ಡ್‌ಪ್ರೆಸ್ ಹಾಕಿಯೇ ಇಲ್ಲವಾದ್ದರಿಂದ ಇದರಿಂದ ಅಪಾಯವಿಲ್ಲ.

ಭಯಪಡಬೇಕಾದದ್ದು ಇಂಥ ಕೋರಿಕೆಗೆ 200 ಎಂದು ಉತ್ತರ ಹೋದಾಗ. ಇದೇ ತಂತ್ರಾಂಶಗಳು ಡಾಟ್ ಈಎನ್‌ವಿ ಎಂಬ ಗುಪ್ತಪದಗಳ ಫೈಲನ್ನೂ, ತಾಣದ ಕಡತಗಳ ಹಳೆಯ ಪ್ರತಿಗಳೆಲ್ಲ ಇರುವ ಡಾಟ್ ಗಿಟ್ ಫೋಲ್ಡರನ್ನೂ, ‘ಬ್ಯಾಕಪ್.ಜಿಪ್’ ಎಂಬಂಥ ಹೆಸರುಗಳನ್ನೂ ಕೇಳುತ್ತವೆ. ತಾಣದ ನಕಲನ್ನು ಜಿಪ್ ಮಾಡಿ ಅದೇ ಫೋಲ್ಡರಿನಲ್ಲಿ ಬಿಟ್ಟು ಮರೆಯುವುದು ಹೊಸಬರಲ್ಲಿ ಸಾಮಾನ್ಯ. ಈಗಲೇ ಆ ಫೋಲ್ಡರನ್ನು ಪರಿಶೀಲಿಸಿ, ಓದುಗರಿಗೆ ತೋರಿಸಬೇಕಾದ ಫೈಲುಗಳನ್ನಷ್ಟೇ ಉಳಿಸಿರಿ.

ಎರಡನೆಯದು ನೀವು ದೂರದಿಂದ ಒಳಹೋಗುವ ಬಾಗಿಲು, ಅಂದರೆ ಎಸ್‌ಎಸ್‌ಎಚ್. ಗುಪ್ತಪದದ ಬದಲು ಕೀಲಿ ಫೈಲಿನ ಪದ್ಧತಿಗೆ ಬದಲಾಗಿರಿ. ಕೀಲಿಯಿಂದ ಒಳಹೋಗಲು ಬರುತ್ತದೆಂದು ಇನ್ನೊಂದು ಟರ್ಮಿನಲ್ ಕಿಟಕಿಯಲ್ಲಿ ಖಚಿತಪಡಿಸಿಕೊಳ್ಳುವವರೆಗೆ ಮೊದಲ ಕಿಟಕಿಯನ್ನು ಮುಚ್ಚಬಾರದು. ಆಮೇಲೆ ಗುಪ್ತಪದದ ಪ್ರವೇಶವನ್ನು ನಿಲ್ಲಿಸಬೇಕು. ಮೂರನೆಯದು ಫೈರ್‌ವಾಲ್. ಉಬುಂಟುವಿನ ಯುಎಫ್‌ಡಬ್ಲ್ಯುನಲ್ಲಿ ವೆಬ್ಬಿನ 80, ಸುರಕ್ಷಿತ ವೆಬ್ಬಿನ 443 ಮತ್ತು ಎಸ್‌ಎಸ್‌ಎಚ್ ಇವಿಷ್ಟನ್ನು ಬಿಟ್ಟು ಉಳಿದದ್ದನ್ನು ಮುಚ್ಚಿರಿ. ಎಸ್‌ಎಸ್‌ಎಚ್‌ಗೆ ಮೊದಲು ಅನುಮತಿ ಕೊಟ್ಟು ಬಳಿಕವೇ ಫೈರ್‌ವಾಲನ್ನು ಚಾಲೂ ಮಾಡಬೇಕು. ಈ ಕ್ರಮವನ್ನು ಅದಲುಬದಲು ಮಾಡಿದರೆ ನೀವೇ ಹೊರಗುಳಿಯುತ್ತೀರಿ. ಸುರಕ್ಷತಾ ಪರಿಷ್ಕರಣೆಗಳು ತಾವಾಗಿ ಸ್ಥಾಪನೆಯಾಗುವ ಸೌಲಭ್ಯ ಉಬುಂಟು ಸರ್ವರಿನಲ್ಲಿದೆ, ಅದನ್ನು ನಿಲ್ಲಿಸಬೇಡಿರಿ.

ಪ್ರಶ್ನೆ: ನನ್ನ ತಾಣವನ್ನು ತೆರೆದರೆ ‘ಸುರಕ್ಷಿತವಲ್ಲ’ ಎಂದು ಬ್ರೌಸರ್ ತೋರಿಸುತ್ತದೆ. ಬೀಗದ ಗುರುತು ಬರಲು ಹಣ ಕಟ್ಟಬೇಕೇ?
– ಓದುಗರು, ಜಗಳೂರು

ಉತ್ತರ: ಕಟ್ಟಬೇಕಾಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆಯ ಸೇವೆ 2015ರಿಂದ ಬೀಗದ ಗುರುತಿಗೆ ಬೇಕಾದ ಪ್ರಮಾಣಪತ್ರಗಳನ್ನು ಉಚಿತವಾಗಿ ನೀಡುತ್ತಿದೆ. ನಿಮ್ಮಲ್ಲಿ ಒಂದು ಡೊಮೇನ್ ಹೆಸರಿರಬೇಕು, ಆ ಹೆಸರು ನಿಮ್ಮ ಸರ್ವರಿನ ವಿಳಾಸವನ್ನು ತೋರಿಸುತ್ತಿರಬೇಕು. ಸರ್ಟ್‌ಬಾಟ್ ಎಂಬ ತಂತ್ರಾಂಶವನ್ನು ಸ್ಥಾಪಿಸಿ ಎಂಜಿನ್ಎಕ್ಸ್‌ಗೆ ಜೋಡಿಸಿದರೆ, ಅದು ಸಂಸ್ಥೆಯಿಂದ ಪ್ರಮಾಣಪತ್ರ ತಂದು 443ನೆಯ ಪೋರ್ಟಿನಲ್ಲಿ ಕೂರಿಸುತ್ತದೆ. ಆ ಹೆಸರು ನಿಜವಾಗಿ ನಿಮ್ಮದೇ ಎಂದು ನೋಡಲು ಸಂಸ್ಥೆ 80ನೆಯ ಪೋರ್ಟಿನಲ್ಲಿ ಒಂದು ಪುಟ್ಟ ಫೈಲನ್ನು ಕೇಳುತ್ತದೆ, ಆದ್ದರಿಂದ 443 ತೆರೆದ ಮೇಲೂ 80ನ್ನು ಮುಚ್ಚಬೇಡಿರಿ. ಬಹಳ ಜನರ ನವೀಕರಣ ಕೆಡುವುದು ಇಲ್ಲಿಯೇ. ಸಾಮಾನ್ಯವಾಗಿ ಪ್ರಮಾಣಪತ್ರದ ಆಯುಷ್ಯ 90 ದಿನ, ಸರ್ಟ್‌ಬಾಟ್ ಅದಕ್ಕೆ ಮೊದಲೇ ತಾನಾಗಿ ನವೀಕರಿಸುತ್ತದೆ. ‘ಸುಡೊ ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್’ ಎಂಬ ಆದೇಶ ನಿಜವಾಗಿ ನವೀಕರಿಸದೆ ಬರಿಯ ಪರೀಕ್ಷೆ ಮಾಡಿ ತೋರಿಸುತ್ತದೆ. ಸ್ಥಾಪಿಸಿದ ದಿನವೇ ಅದನ್ನು ಒಮ್ಮೆ ಓಡಿಸಿ, ಯಶಸ್ವಿ ಎಂಬ ಉತ್ತರ ಬಂದಿತೆಂದು ನೋಡಿಕೊಂಡು ಟರ್ಮಿನಲ್ ಮುಚ್ಚಿರಿ.